ಎದೆ ಢವಢವ ಅಂದಾಗ ಬಸ್ ಇಳಿಯಬೇಕಾ?

ಬೆಳಗ್ಗೆ ಒಂಬತ್ತು ಗಂಟೆಯ ಬಸ್ಸು. ಬನಶಂಕರಿಯಲ್ಲಿ ಹತ್ತಿದ್ದೆ, ಮೆಜೆಸ್ಟಿಕ್‌ಗೆ ಹೋಗಬೇಕಿತ್ತು. ಸೀಟು ಸಿಕ್ಕಿರಲಿಲ್ಲ. ಸೌತ್ ಎಂಡ್ ಸರ್ಕಲ್ ಹತ್ತಿರ ಬರುವಷ್ಟರಲ್ಲಿ ಕಾಲಿಡಲೂ ಜಾಗ ಇರಲಿಲ್ಲ. ಮೇಲಿನ ಕಂಬಿ ಹಿಡಿದಿದ್ದ ಕೈ ಇದ್ದಕ್ಕಿದ್ದ ಹಾಗೆ ಬೆವರಿ ಜಾರತೊಡಗಿತು. ಎದೆ ಢವಢವ. ಎಷ್ಟು ಎಳೆದುಕೊಂಡರೂ ಉಸಿರು ಸಾಲುತ್ತಿಲ್ಲ ಅನ್ನಿಸಿತು. ಬೆರಳ ತುದಿಗಳು ಜುಮ್ ಅಂದವು, ತುಟಿಯ ಸುತ್ತ ಮರಗಟ್ಟಿದ ಹಾಗಾಯಿತು. ಹಾರ್ಟ್ ಅಟ್ಯಾಕೇ ಇರಬೇಕು, ಇಲ್ಲೇ ಬಿದ್ದುಬಿಡುತ್ತೇನೆ ಅಂದುಕೊಂಡೆ. ಮುಂದಿನ ಸ್ಟಾಪಿನಲ್ಲಿ ಜನರನ್ನು ತಳ್ಳಿಕೊಂಡು ಇಳಿದು ಫುಟ್‌ಪಾತಿನ ಅಂಚಿನಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಎಲ್ಲ ಸರಿಹೋಯಿತು.

ಅವತ್ತೇ ಡಾಕ್ಟರ ಹತ್ತಿರ ಹೋದೆ. ಬಿಪಿ ನೋಡಿದರು, ಇಸಿಜಿ ತೆಗೆಸಿದರು, ರಕ್ತ ಪರೀಕ್ಷೆಗೆ ಬರೆದುಕೊಟ್ಟರು. ಎಲ್ಲ ನಾರ್ಮಲ್. "ಹೃದಯಕ್ಕೆ ಏನೂ ಆಗಿಲ್ಲಮ್ಮ, ಇದು ಗಾಬರಿ" ಅಂದರು. ಮನೆಗೆ ಬಂದು ಹೇಳಿದರೆ ಅಮ್ಮ, "ಅಷ್ಟೇನಾ? ಸುಮ್ನೆ ಏನೇನೋ ಯೋಚನೆ ಮಾಡ್ಬೇಡ ಕಣೇ" ಅಂದರು. ಅಮ್ಮ ಪ್ರೀತಿಯಿಂದಲೇ ಹೇಳಿದ್ದು. ಆದರೂ ನನಗೆ ಅಳು ಬಂತು. ಅಷ್ಟೊಂದು ಆದದ್ದು ಸುಮ್ನೆಯಾ?

ಸುಮ್ನೆ ಅಲ್ಲ. ಅವತ್ತು ನನ್ನ ಕೈಗೆ, ಎದೆಗೆ, ತುಟಿಗೆ ಆದ ಒಂದೊಂದಕ್ಕೂ ಕಾರಣ ಇತ್ತು. ಆ ಕಾರಣಗಳನ್ನು ತಿಳಿದುಕೊಂಡದ್ದೇ ನನಗೆ ಸಿಕ್ಕ ಮೊದಲ ಔಷಧಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೈಯೊಳಗಿನ ಗಂಟೆ

ಮಿದುಳಿನ ಆಳದಲ್ಲಿ, ಎಡಕ್ಕೊಂದು ಬಲಕ್ಕೊಂದು, ಬಾದಾಮಿ ಆಕಾರದ ಎರಡು ಪುಟ್ಟ ಭಾಗಗಳಿವೆ. ಅಮಿಗ್ಡಾಲಾ ಅಂತ ಹೆಸರು. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಬಾದಾಮಿ ಅಂತಲೇ ಅರ್ಥ. ಅಪಾಯದ ವಾಸನೆ ಬಂದ ಕೂಡಲೇ ಗಂಟೆ ಬಾರಿಸುವುದರಲ್ಲಿ ಇದರ ಪಾತ್ರ ದೊಡ್ಡದು. ಗಂಟೆ ಬಾರಿಸುವ ಮೊದಲು ಅದು ಕೂತು ಯೋಚನೆ ಮಾಡುವುದಿಲ್ಲ. ಮಬ್ಬುಗತ್ತಲಲ್ಲಿ ಹಿತ್ತಲಿಗೆ ಹೋದಾಗ ಕಾಲಿಗೆ ಹಗ್ಗ ಸಿಕ್ಕರೆ ಮೊದಲು ಹಾರುತ್ತೇವೆ, ಆಮೇಲೆ ಅದು ಹಗ್ಗ ಅಂತ ಗೊತ್ತಾಗುತ್ತದೆ, ಅಲ್ವಾ? ಹಗ್ಗವನ್ನು ಹಾವು ಅಂದುಕೊಂಡರೆ ಹೋಗುವುದು ಒಂದು ಕ್ಷಣ. ಹಾವನ್ನು ಹಗ್ಗ ಅಂದುಕೊಂಡರೆ ಜೀವವೇ ಹೋಗುತ್ತದೆ. ಅದಕ್ಕೇ ಈ ಗಂಟೆ ಬರೀ ಅನುಮಾನಕ್ಕೂ ಬಾರಿಸುತ್ತದೆ.

ಗಂಟೆಯ ಸುದ್ದಿ ನರಗಳ ಮೂಲಕ ಅಡ್ರಿನಲ್ ಗ್ರಂಥಿಗಳಿಗೆ ಹೋಗುತ್ತದೆ. ಅವು ಎರಡೂ ಕಿಡ್ನಿಗಳ ತಲೆ ಮೇಲೆ ಟೋಪಿಯ ಹಾಗೆ ಕೂತಿರುತ್ತವೆ. ಅಲ್ಲಿಂದ ಅಡ್ರಿನಲಿನ್ ರಕ್ತಕ್ಕೆ ಬರುತ್ತದೆ. ಮುಂದಿನದ್ದೆಲ್ಲ ಓಡುವುದಕ್ಕೆ ಇಲ್ಲವೇ ಹೊಡೆದಾಡುವುದಕ್ಕೆ ಮೈ ಮಾಡಿಕೊಳ್ಳುವ ತಯಾರಿ. ತೊಡೆ, ತೋಳಿನ ದೊಡ್ಡ ಸ್ನಾಯುಗಳಿಗೆ ರಕ್ತ ಬೇಕು, ಹಾಗಾಗಿ ಎದೆ ಜೋರಾಗಿ ಬಡಿದುಕೊಳ್ಳುತ್ತದೆ. ಆ ರಕ್ತವನ್ನು ಚರ್ಮದಿಂದ ಎಳೆದುಕೊಳ್ಳುತ್ತದೆ, ಹಾಗಾಗಿ ಕೈಕಾಲು ತಣ್ಣಗಾಗುತ್ತವೆ. ಓಡುವಾಗ ಮೈ ಕಾಯುತ್ತದಲ್ಲ, ಅದನ್ನು ಮೊದಲೇ ತಂಪು ಮಾಡಿಡಲು ಬೆವರು. ಊಟ ಅರಗಿಸುವುದು ಈಗ ಮುಖ್ಯ ಅಲ್ಲ, ಆದ್ದರಿಂದ ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ.

ಹೊಟ್ಟೆಯ ಈ ವಿಷಯ ತಿಳಿದದ್ದು ಬೆಕ್ಕುಗಳಿಂದ. ಎಕ್ಸ್-ರೇ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿದ್ದ ವಾಲ್ಟರ್ ಕ್ಯಾನನ್ ಬೆಕ್ಕಿನ ಹೊಟ್ಟೆಯಲ್ಲಿ ಆಹಾರ ಹೇಗೆ ಸಾಗುತ್ತದೆ ಅಂತ ನೋಡುತ್ತಿದ್ದರು. ಬೆಕ್ಕು ಗಾಬರಿಯಾದರೆ ಹೊಟ್ಟೆಯ ಅಲೆಯಾಟ ನಿಂತೇ ಹೋಗುತ್ತಿತ್ತು. ಅದು ಸಮಾಧಾನವಾದ ಮೇಲೆ ಮತ್ತೆ ಶುರುವಾಗುತ್ತಿತ್ತು. ಆ ಜಾಡು ಹಿಡಿದು ಹೋದ ಕ್ಯಾನನ್, ಭಯದಲ್ಲಿ ಮೈಯೆಲ್ಲ ಹೇಗೆ ಒಟ್ಟಾಗಿ ಬದಲಾಗುತ್ತದೆ ಅಂತ 1915ರಲ್ಲಿ ಪುಸ್ತಕವಾಗಿ ಬರೆದರು. ಪರೀಕ್ಷೆಯ ದಿನ ಬೆಳಗ್ಗೆ ಮಕ್ಕಳಿಗೆ ಇಡ್ಲಿ ಇಳಿಯುವುದಿಲ್ಲ. ಅದು ಹಠ ಅಲ್ಲ, ಹೊಟ್ಟೆ ಕೆಲಸ ನಿಧಾನ ಮಾಡಿರುತ್ತದೆ.

ಇನ್ನು ಬೆರಳು ಜುಮ್ ಅಂದದ್ದು. ಇದು ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸಿತ್ತು. ಗಾಬರಿಯಲ್ಲಿ ನಾವು ಬೇಗ ಬೇಗ ಉಸಿರಾಡುತ್ತೇವೆ. ಓಡುತ್ತಿದ್ದರೆ ಆ ಗಾಳಿ ಬೇಕಾಗುತ್ತಿತ್ತು. ನಿಂತಲ್ಲೇ ನಿಂತಿರುವಾಗ ಅಷ್ಟು ಉಸಿರಾಡಿದರೆ ರಕ್ತದಲ್ಲಿರುವ ಕಾರ್ಬನ್ ಡೈಆಕ್ಸೈಡ್ ಇರಬೇಕಾದ್ದಕ್ಕಿಂತ ಕಡಿಮೆಯಾಗುತ್ತದೆ. ಅದರಿಂದ ಬೆರಳು, ತುಟಿ ಜುಮ್ ಅನ್ನುತ್ತವೆ, ತಲೆ ಹಗುರಾಗಿ ತಿರುಗಿದ ಹಾಗಾಗುತ್ತದೆ. ವಿಚಿತ್ರ ಅಂದರೆ ಆಗ ಉಸಿರು ಸಾಲುತ್ತಿಲ್ಲ ಅಂತಲೇ ಅನ್ನಿಸುವುದು. ಇನ್ನೂ ಜೋರಾಗಿ ಎಳೆದುಕೊಳ್ಳುತ್ತೇವೆ, ಇನ್ನೂ ಜುಮ್ ಅನ್ನುತ್ತದೆ.

ನೆನಪಿಡಬೇಕಾದ ಇನ್ನೊಂದು ಸಂಗತಿ: ರಕ್ತದಲ್ಲಿ ಅಡ್ರಿನಲಿನ್ ಉಳಿಯುವುದು ಕೆಲವೇ ನಿಮಿಷ. ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ನಾನು ಬಸ್ಸಿನಿಂದ ಇಳಿಯದಿದ್ದರೂ ಅದು ಇಳಿಯುತ್ತಿತ್ತು. ಅವತ್ತು ಇದು ನನಗೆ ಗೊತ್ತಿರಲಿಲ್ಲ. ಇಳಿದದ್ದರಿಂದಲೇ ಬದುಕಿದೆ ಅಂದುಕೊಂಡೆ.

ಆಗದೇ ಇರುವುದರ ಭಯ

ಭಯ ಬೇರೆ, ಆತಂಕ ಬೇರೆ. ನಾಯಿ ಅಟ್ಟಿಸಿಕೊಂಡು ಬಂದಾಗ ಆಗುವುದು ಭಯ. ನಾಳೆ ಆ ಬೀದಿಯಲ್ಲಿ ನಾಯಿ ಇದ್ದರೆ ಅಂತ ಇವತ್ತು ರಾತ್ರಿ ನಿದ್ದೆ ಕೆಡುವುದು ಆತಂಕ. ಭಯಕ್ಕೆ ಎದುರಲ್ಲಿ ಏನೋ ಇರುತ್ತದೆ. ಆತಂಕಕ್ಕೆ "ಏನಾದ್ರೂ ಆದ್ರೆ?" ಅನ್ನುವ ಒಂದು ಪ್ರಶ್ನೆ ಸಾಕು. ಮಗಳು ಅಮೆರಿಕದಲ್ಲಿದ್ದಾಳೆ, ಕಳಿಸಿದ ಮೆಸೇಜಿಗೆ ನೀಲಿ ಟಿಕ್ ಬಿದ್ದಿಲ್ಲ. ಅಲ್ಲಿ ಈಗ ನಡುರಾತ್ರಿ ಅಂತ ಗೊತ್ತಿದ್ದರೂ ತಾಯಿಯ ಹೊಟ್ಟೆಯಲ್ಲಿ ಸಂಕಟ ಶುರು. ಗಂಟೆ ಅದೇ, ಅಡ್ರಿನಲಿನ್ ಅದೇ. ಹಾವೂ ಇಲ್ಲ, ಹಗ್ಗವೂ ಇಲ್ಲ, ಅಷ್ಟೇ.

ಕನ್ನಡದಲ್ಲಿ ಇದಕ್ಕೆ ಎಷ್ಟು ಪದಗಳಿವೆ ನೋಡಿ. ದಿಗಿಲು, ಕಳವಳ, ತಳಮಳ, ಚಡಪಡಿಕೆ, ಅಳುಕು, ಪುಕುಪುಕು. ಒಂದೊಂದೂ ಬೇರೆ. ದಿಗಿಲು ಥಟ್ಟನೆ ಬರುತ್ತದೆ, ಕಳವಳ ಇಡೀ ದಿನ ಇರುತ್ತದೆ, ಚಡಪಡಿಕೆ ಕೂತಲ್ಲಿ ಕೂರಲು ಬಿಡುವುದಿಲ್ಲ. ಈ ಪದಗಳನ್ನು ಬಳಸಿ ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ಆಗುತ್ತಿರುವುದಕ್ಕೆ ಹೆಸರಿಟ್ಟರೆ ಅಮಿಗ್ಡಾಲಾದ ಚಟುವಟಿಕೆ ಕಡಿಮೆಯಾಗುತ್ತದೆ ಅಂತ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದವರು ಕಂಡುಕೊಂಡಿದ್ದಾರೆ. "ನಂಗೇನೋ ಆಗ್ತಿದೆ" ಅನ್ನುವುದಕ್ಕೂ "ನಂಗೆ ಈಗ ದಿಗಿಲಾಗಿದೆ" ಅನ್ನುವುದಕ್ಕೂ ವ್ಯತ್ಯಾಸ ಇದೆ. ಬಾಯಿಬಿಟ್ಟು ಹೇಳಿ ನೋಡಿ.

ಆಟೋ ಹಿಡಿದ ತಪ್ಪು

ಮಾರನೇ ದಿನ ಆಫೀಸಿಗೆ ಆಟೋದಲ್ಲಿ ಹೋದೆ. ಎಂಥ ಆರಾಮ! ಅದರ ಮಾರನೇ ದಿನವೂ ಆಟೋ. ಎರಡು ವಾರ ಆದಮೇಲೆ ಬಸ್‌ಸ್ಟಾಪ್ ನೋಡಿದರೇ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಜಯನಗರದಲ್ಲಿ ಒಂದು ಮದುವೆ ಇತ್ತು, ಛತ್ರದಲ್ಲಿ ಜನ ಜಾಸ್ತಿ ಇರುತ್ತಾರೆ ಅಂತ ಹೋಗಲಿಲ್ಲ. ಮತ್ತೊಂದು ತಿಂಗಳಿಗೆ ಶನಿವಾರದ ದೇವಸ್ಥಾನವೂ ಬಿಟ್ಟುಹೋಯಿತು. ಬಸ್ಸಿನಿಂದ ಶುರುವಾದದ್ದು ಮನೆಯ ಹೊಸ್ತಿಲವರೆಗೆ ಬಂತು.

ನನ್ನ ಮಟ್ಟಿಗೆ ಆತಂಕದ ಬಗ್ಗೆ ತಿಳಿಯಬೇಕಾದ ಅತಿ ಮುಖ್ಯ ಮಾತು ಇದೇ. ಹೆದರಿಕೆಯ ಜಾಗದಿಂದ ತಪ್ಪಿಸಿಕೊಂಡಾಗ ತಕ್ಷಣ ಹಾಯೆನಿಸುತ್ತದೆ. ಮಿದುಳು ಆ ಹಾಯನ್ನು ಸಾಕ್ಷಿ ಅಂತ ಬರೆದಿಟ್ಟುಕೊಳ್ಳುತ್ತದೆ. "ಬಸ್ ಬಿಟ್ಟೆ, ಉಳಿದೆ. ಅಂದರೆ ಬಸ್ ನಿಜವಾಗಿಯೂ ಅಪಾಯ." ಮುಂದಿನ ಸಲ ಗಂಟೆ ಇನ್ನೂ ಬೇಗ, ಇನ್ನೂ ಜೋರಾಗಿ ಬಾರಿಸುತ್ತದೆ. ಬಸ್ಸಿನಲ್ಲೇ ಇದ್ದರೂ ಏನೂ ಆಗುತ್ತಿರಲಿಲ್ಲ ಅನ್ನುವುದನ್ನು ಕಲಿಯಲು ಅದಕ್ಕೆ ಅವಕಾಶವೇ ಸಿಗುವುದಿಲ್ಲ.

ತಪ್ಪಿಸಿಕೊಳ್ಳುವುದಕ್ಕೆ ಬಹಳ ವೇಷಗಳಿವೆ. ಮೇಲಧಿಕಾರಿಗೆ ಫೋನ್ ಮಾಡಬೇಕಾದಲ್ಲಿ ಮೆಸೇಜ್ ಕಳಿಸುವುದು. ಪರೀಕ್ಷೆಯ ಓದಿಗೆ ಕೂರುವ ಮೊದಲು ಟೇಬಲ್ ಒರೆಸುವುದು. "ಇದು ಹಾರ್ಟ್ ಪ್ರಾಬ್ಲಂ ಅಲ್ಲ ಅಲ್ವಾ?" ಅಂತ ಗಂಡನನ್ನು ದಿನಕ್ಕೆ ಆರು ಸಲ ಕೇಳುವುದು. ಗೂಗಲ್‌ನಲ್ಲಿ ರೋಗದ ಲಕ್ಷಣ ಹುಡುಕುವುದು. ಕೇಳಿದಾಗ, ಹುಡುಕಿದಾಗ ಅರ್ಧ ಗಂಟೆ ಸಮಾಧಾನ, ಆಮೇಲೆ ಮತ್ತೆ ಕೇಳಬೇಕು. ಹಸಿವಾದ ಮಗುವಿಗೆ ಊಟದ ಬದಲು ಚಾಕಲೇಟ್ ಕೊಟ್ಟ ಹಾಗೆ ಅದು.

ಹಾಗಾಗಿ ಇಲ್ಲಿಂದ ಮುಂದೆ ಹೇಳುವ ಯಾವ ಉಪಾಯಕ್ಕೂ ನಾನು ಹಾಕುವ ಪರೀಕ್ಷೆ ಒಂದೇ. ಇದು ನನ್ನನ್ನು ಹೋಗಬೇಕಾದ ಕಡೆಗೆ ಕರೆದುಕೊಂಡು ಹೋಗುತ್ತದಾ, ಇಲ್ಲ ಹೋಗದೇ ಇರುವುದಕ್ಕೆ ನೆಪ ಕೊಡುತ್ತದಾ?

ಉಸಿರು ಬಿಡುವುದು

ಗಾಬರಿಯಾದವರಿಗೆ "ದೀರ್ಘವಾಗಿ ಉಸಿರು ತಗೋ" ಅಂತ ಎಲ್ಲರೂ ಹೇಳುತ್ತಾರೆ. ಮೇಲೆ ಹೇಳಿದ ಕಾರಣಕ್ಕೆ ಅದು ಅರ್ಧ ಮಾತು. ಅವರು ಆಗಲೇ ಬೇಕಾದ್ದಕ್ಕಿಂತ ಜಾಸ್ತಿ ತಗೊಳ್ಳುತ್ತಿರುತ್ತಾರೆ. ಹೇಳಬೇಕಾದ್ದು "ನಿಧಾನವಾಗಿ ಉಸಿರು ಬಿಡು" ಅಂತ.

ಮಿದುಳಿನಿಂದ ಹೊರಟು ಕುತ್ತಿಗೆಯ ಮೂಲಕ ಎದೆಗೂ ಹೊಟ್ಟೆಗೂ ಇಳಿಯುವ ಒಂದು ಉದ್ದದ ನರ ಇದೆ, ವೇಗಸ್ ಅಂತ. ಹೃದಯಕ್ಕೆ ಇದೇ ಬ್ರೇಕು. ಉಸಿರು ಒಳಗೆಳೆದಾಗ ಈ ಬ್ರೇಕು ಸ್ವಲ್ಪ ಸಡಿಲವಾಗಿ ಎದೆಬಡಿತ ಏರುತ್ತದೆ. ಹೊರಗೆ ಬಿಟ್ಟಾಗ ಬ್ರೇಕು ಬಿದ್ದು ಬಡಿತ ಇಳಿಯುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ಕೂತರೆ ಎಷ್ಟೋ ಜನಕ್ಕೆ ಇದು ಬೆರಳಿಗೇ ತಿಳಿಯುತ್ತದೆ. ಅಂದರೆ ಬಿಡುವ ಉಸಿರು ಉದ್ದವಾದಷ್ಟೂ ಬ್ರೇಕಿನ ಮೇಲೆ ಕಾಲಿಟ್ಟ ಹೊತ್ತು ಜಾಸ್ತಿ.

ಮೂಗಿನಿಂದ ನಾಲ್ಕು ಎಣಿಸುವವರೆಗೆ ತಗೊಳ್ಳಿ, ಆರು ಎಣಿಸುವವರೆಗೆ ಬಿಡಿ. ಬಿಸಿ ಕಾಫಿ ಆರಿಸುವಾಗ ಊದುತ್ತೇವಲ್ಲ, ತುಟಿ ಹಾಗೆ ಇರಲಿ. ನಿಮಿಷಕ್ಕೆ ಆರು ಉಸಿರು ಆಗುತ್ತದೆ. ಎದೆಗಿಂತ ಹೊಟ್ಟೆ ಏರಿಳಿಯಬೇಕು, ಹೊಟ್ಟೆ ಮೇಲೆ ಕೈ ಇಟ್ಟುಕೊಂಡರೆ ಗೊತ್ತಾಗುತ್ತದೆ. ಉಸಿರು ಕಟ್ಟಿ ಹಿಡಿಯುವುದು ಬೇಡ. ಮುಖ್ಯವಾದದ್ದು, ಇದನ್ನು ಗಾಬರಿ ಬಂದ ದಿನವೇ ಮೊದಲ ಸಲ ಮಾಡಲು ಹೋಗಬೇಡಿ. ಕೆರೆಗೆ ಬಿದ್ದ ಮೇಲೆ ಈಜು ಕಲಿಯಲು ಆಗುವುದಿಲ್ಲ. ನಾನು ಬೆಳಗ್ಗೆ ಕುಕ್ಕರ್ ಇಟ್ಟು ಮೂರು ಕೂಗು ಬರುವವರೆಗೆ ಅಡುಗೆಮನೆಯಲ್ಲೇ ನಿಂತು ಮಾಡುತ್ತಿದ್ದೆ. ಮೂರು ವಾರ ಹಾಗೆ ಮಾಡಿದ ಮೇಲೆ ಬಸ್ಸಿನಲ್ಲೂ ಬಂತು.

ಒಂದು ಎಚ್ಚರಿಕೆ ಮಾತ್ರ ಇರಲಿ. ಉಸಿರಾಟ ಮಾಡಿ ಗಾಬರಿಯನ್ನು ಓಡಿಸುತ್ತೇನೆ ಅಂತ ಹೊರಟರೆ, ಓಡಿತಾ ಇಲ್ವಾ ಅಂತ ನೋಡುತ್ತ ಕೂರುತ್ತೀರಿ. ಆ ನೋಡುವುದೇ ಹೊಸ ಗಾಬರಿ. ಉಸಿರು ಇರುವುದು ಆ ಹತ್ತು ನಿಮಿಷ ಅಲ್ಲೇ ನಿಂತಿರಲು.

ನಿಲ್ಲಲು ಇನ್ನೊಂದು ಊರುಗೋಲು ಕಣ್ಣು, ಕಿವಿ, ಕೈ. ಕಾಣುವ ಐದು ವಸ್ತುಗಳನ್ನು ಮನಸ್ಸಿನಲ್ಲೇ ಹೆಸರಿಸಿ. ಕಂಡಕ್ಟರನ ಚರ್ಮದ ಚೀಲ, ಮುಂದಿನವರ ಜಡೆಯ ಕನಕಾಂಬರ, ಕಿಟಕಿಯ ಮೇಲಿನ ಸ್ಟಿಕರ್. ಮುಟ್ಟಲು ಸಿಗುವ ನಾಲ್ಕು, ಕೇಳುವ ಮೂರು. "ಏನಾದ್ರೂ ಆದ್ರೆ" ಅನ್ನುವ ನಾಳೆಯಿಂದ ಇದು ಈ ಬಸ್ಸಿಗೆ ವಾಪಸ್ ಕರೆತರುತ್ತದೆ.

ಚಿಂತೆಗೊಂದು ಹೊತ್ತು

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅಂತ ಗಾದೆ. ಚಿಂತೆ ಇದ್ದವರಿಗೆ ಮೆತ್ತನೆ ಹಾಸಿಗೆಯಲ್ಲೂ ಬರುವುದಿಲ್ಲ. ಆಗ ಜನ ಹೇಳುವುದು "ಅದನ್ನೆಲ್ಲ ಯೋಚಿಸ್ಬೇಡ" ಅಂತ. ಅದು ಯಾಕೆ ಆಗುವುದಿಲ್ಲ ಅನ್ನುವುದಕ್ಕೆ ಒಂದು ಪ್ರಯೋಗ ಇದೆ. 1987ರಲ್ಲಿ ಡೇನಿಯಲ್ ವೆಗ್ನರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ವಿದ್ಯಾರ್ಥಿಗಳನ್ನು ಕೂರಿಸಿ, ಐದು ನಿಮಿಷ ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ, ಯೋಚನೆ ಬಂದರೆ ಮುಂದಿರುವ ಗಂಟೆ ಹೊಡೆಯಿರಿ ಅಂದರು. ಗಂಟೆ ಮತ್ತೆ ಮತ್ತೆ ಹೊಡೆಯುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ಯೋಚಿಸಿ ಅಂದಾಗ, ಮೊದಲೇ ತಡೆದವರಿಗೆ ಕರಡಿ ಇನ್ನೂ ಜಾಸ್ತಿ ಬಂತು. ಬೇಡ ಅಂದಿದ್ದನ್ನು ಬಂತಾ ಬಂತಾ ಅಂತ ಮನಸ್ಸು ಕಾಯುತ್ತಿರುತ್ತದೆ. ಕಾಯುವುದೂ ಯೋಚಿಸುವುದೇ.

ಹಾಗಾದರೆ? ಬೇಡ ಅನ್ನುವ ಬದಲು ಆಮೇಲೆ ಅನ್ನಿ. ಥಾಮಸ್ ಬೋರ್ಕೊವೆಕ್ ಅನ್ನುವ ಇನ್ನೊಬ್ಬ ಅಮೆರಿಕದ ಮನಃಶಾಸ್ತ್ರಜ್ಞ ಮತ್ತು ಅವರ ಸಂಗಡಿಗರು 1983ರಲ್ಲಿ ಈ ದಾರಿಯನ್ನು ಪರೀಕ್ಷಿಸಿದರು. ದಿನಾ ಅದೇ ಹೊತ್ತು, ಅದೇ ಜಾಗ, ಅರ್ಧ ಗಂಟೆ ಚಿಂತೆ ಮಾಡುವುದಕ್ಕೇ ಮೀಸಲು. ಉಳಿದ ಹೊತ್ತಿನಲ್ಲಿ ಚಿಂತೆ ಬಂದರೆ ಆ ಅರ್ಧ ಗಂಟೆಗೆ ಮುಂದೂಡಿ ಕೈಯಲ್ಲಿರುವ ಕೆಲಸಕ್ಕೆ ವಾಪಸ್. ನಾಲ್ಕು ವಾರ ಹಾಗೆ ಮಾಡಿದವರಿಗೆ ಇಡೀ ದಿನದ ಚಿಂತೆಯೇ ಕಡಿಮೆಯಾಯಿತು.

ನನ್ನ ಹೊತ್ತು ಸಂಜೆ ಆರೂವರೆ, ಜಾಗ ಬಾಲ್ಕನಿಯ ಪ್ಲಾಸ್ಟಿಕ್ ಕುರ್ಚಿ. ಹಾಸಿಗೆ ಬೇಡ, ಅದು ನಿದ್ದೆಯ ಜಾಗ. ಹಗಲು ಬಂದ ಚಿಂತೆಗಳನ್ನು ಹಳೇ ಡೈರಿಯಲ್ಲಿ ಒಂದೊಂದು ಸಾಲು ಬರೆದಿರುತ್ತಿದ್ದೆ. ಒಂದು ದಿನದ ಪಟ್ಟಿ ಹೀಗಿದೆ: ಗ್ಯಾಸ್ ಆಫ್ ಮಾಡಿದೆನಾ? ಮಗಳ ಫೀಸು. ಅಮ್ಮನ ಕಣ್ಣಿನ ಆಪರೇಷನ್. ಸಾಹೇಬರು ಬೆಳಗ್ಗೆ ಯಾಕೆ ಮಾತಾಡಿಸಲಿಲ್ಲ? ನನಗೇ ಏನಾದರೂ ಆದರೆ ಮಗಳಿಗೆ ಯಾರು?

ಸಂಜೆ ಕೂತು ಓದುವಾಗ ಮೊದಲನೆಯದು ಸತ್ತೇ ಹೋಗಿತ್ತು. ಸಾಹೇಬರದ್ದೂ ಅರ್ಧ ಸತ್ತಿತ್ತು. ಫೀಸಿಗೆ, ಆಪರೇಷನ್‌ಗೆ ಮಾಡಲು ಕೆಲಸ ಇತ್ತು. ಫೀಸನ್ನು ಎರಡು ಕಂತಿನಲ್ಲಿ ಕಟ್ಟಬಹುದಾ ಅಂತ ಶಾಲೆಗೆ ಕೇಳುವುದು, ಆಸ್ಪತ್ರೆಯಲ್ಲಿ ದಿನ ಕೇಳಿ ತಮ್ಮನಿಗೆ ರಜೆ ಹಾಕಲು ಹೇಳುವುದು. ಅದನ್ನು ಮರುದಿನದ ಪುಟದಲ್ಲಿ ಬರೆದೆ. ಕೊನೆಯದಕ್ಕೆ ಉತ್ತರ ಇರಲಿಲ್ಲ. ಅದರ ಜೊತೆ ಸುಮ್ಮನೆ ಕೂತೆ. ಅತ್ತುಬಿಟ್ಟೆ ಕೂಡ. ಏಳು ಗಂಟೆಗೆ ಡೈರಿ ಮುಚ್ಚಿ ದೀಪ ಹಚ್ಚಲು ಎದ್ದೆ. ಮೊದಲ ವಾರ ಈ ಅರ್ಧ ಗಂಟೆ ಬೆಟ್ಟದಷ್ಟು ಭಾರ ಅನ್ನಿಸಿತ್ತು. ನಾಲ್ಕನೇ ವಾರಕ್ಕೆ ಕೆಲವು ದಿನ ಬರೆಯಲು ಎರಡೇ ಸಾಲು ಇರುತ್ತಿದ್ದವು.

ಟಿಕೆಟ್ ಹಿಂದಿನ ಅಂಕಿಗಳು

ಬಸ್ಸಿಗೆ ವಾಪಸ್ ಹೋದದ್ದು ಒಬ್ಬ ಆಪ್ತಸಲಹೆಗಾರರ ಮಾತು ಕೇಳಿ. ಅವರು ನೇರವಾಗಿ ಮೆಜೆಸ್ಟಿಕ್‌ಗೆ ಹೋಗಿ ಅನ್ನಲಿಲ್ಲ. ಏಣಿಯ ಮೆಟ್ಟಿಲ ಹಾಗೆ ಮಾಡಿಕೊಳ್ಳಿ, ಕೆಳಗಿನ ಮೆಟ್ಟಿಲು ಸಾಕಾಗುವಷ್ಟು ಸಲ ಹತ್ತಿದ ಮೇಲೆ ಮುಂದಿನದು ಅಂದರು. ಈ ವಿದ್ಯೆಗೆ ನೂರು ವರ್ಷ ದಾಟಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞೆ, ಮೊಲಕ್ಕೆ ಹೆದರುತ್ತಿದ್ದ ಪೀಟರ್ ಅನ್ನುವ ಪುಟ್ಟ ಹುಡುಗನ ಕಥೆ ಬರೆದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿಡುವುದು, ದಿನದಿನವೂ ಸ್ವಲ್ಪ ಹತ್ತಿರ ತರುವುದು. ಕೊನೆಗೆ ಮೊಲ ಅವನ ಬೆರಳು ಮೆಲ್ಲಗೆ ಕಚ್ಚಿದರೂ ಅವನು ಹೆದರಲಿಲ್ಲ.

ನನ್ನ ಮೊದಲ ಮೆಟ್ಟಿಲು ಬಸ್‌ಸ್ಟಾಪಿನಲ್ಲಿ ಹತ್ತು ನಿಮಿಷ ನಿಲ್ಲುವುದು. ಎರಡನೆಯದು ಮಧ್ಯಾಹ್ನದ ಖಾಲಿ ಬಸ್ಸಿನಲ್ಲಿ ಒಂದು ಸ್ಟಾಪು. ಹೆಂಗಸರಿಗೆ ಶಕ್ತಿ ಯೋಜನೆಯ ಉಚಿತ ಟಿಕೆಟ್ ಇರುವುದು ಇಲ್ಲಿ ನನಗೆ ದೊಡ್ಡ ಉಪಕಾರ ಮಾಡಿತು. ಒಂದು ಸ್ಟಾಪಿಗೆ ಹತ್ತಿ ಇಳಿದು ಮತ್ತೆ ಹತ್ತಿದರೂ ಖರ್ಚಿಲ್ಲ. ಟಿಕೆಟ್ ಹಿಂದೆ ಪೆನ್ನಿನಲ್ಲಿ ಗಾಬರಿಗೆ ಹತ್ತಕ್ಕೆ ಎಷ್ಟು ಅಂಕ ಅಂತ ಬರೆಯುತ್ತಿದ್ದೆ. ಹತ್ತುವಾಗೊಂದು, ಇಳಿಯುವಾಗೊಂದು. ಆ ಟಿಕೆಟುಗಳು ಡೈರಿಯಲ್ಲಿ ಇವೆ. ಮುಂದಿನ ಅಕ್ಷರ ಮಾಸಿಹೋಗಿದೆ, ಹಿಂದಿನ ಅಂಕಿ ಉಳಿದಿದೆ. ಮೊದಲನೆಯದರಲ್ಲಿ 9, 8. ಮರುದಿನ 8, 8. ಆರನೆಯದರಲ್ಲಿ 7, 4.

ಆಗ ಒಂದು ವಿಷಯ ಹೊಳೆಯಿತು. ಅಷ್ಟೂ ದಿನ ನಾನು ಬಾಗಿಲ ಪಕ್ಕದ ಕಂಬಿ ಬಿಟ್ಟು ಒಳಗೆ ಹೋಗಿರಲಿಲ್ಲ. ಕೈಯಲ್ಲಿ ನೀರಿನ ಬಾಟಲಿ, ಇನ್ನೊಂದರಲ್ಲಿ ತಮ್ಮನ ನಂಬರ್ ತೆಗೆದಿಟ್ಟ ಫೋನ್. ಇವೂ ತಪ್ಪಿಸಿಕೊಳ್ಳುವುದರ ವೇಷಗಳೇ. "ಬಾಗಿಲ ಹತ್ತಿರ ಇದ್ದದ್ದಕ್ಕೆ ಉಳಿದೆ" ಅಂತ ಮಿದುಳು ಬರೆದುಕೊಳ್ಳುತ್ತಿರುತ್ತದೆ. ಮುಂದಿನ ಮೆಟ್ಟಿಲು ಬಸ್ಸಿನ ನಡುವೆ ನಿಲ್ಲುವುದು. ಅವತ್ತು ಅಂಕ ಮತ್ತೆ 9ಕ್ಕೆ ಹೋಯಿತು. ಹಿಂದೆ ಬಿದ್ದೆ ಅಂದುಕೊಂಡೆ. ಸಲಹೆಗಾರರು, "ಮೇಲಿನ ಮೆಟ್ಟಿಲಲ್ಲಿ 9 ಬಂದಿದೆ, ಅದು ಬೇರೆ 9" ಅಂದರು. ಏಳನೇ ವಾರ ಬೆಳಗಿನ ಒಂಬತ್ತರ ಬಸ್ಸಿನಲ್ಲಿ ನಿಂತುಕೊಂಡೇ ಮೆಜೆಸ್ಟಿಕ್ ತಲುಪಿದೆ. ಆ ಟಿಕೆಟಿನ ಮೇಲೆ 7, 3 ಅಂತಿದೆ. ಸೊನ್ನೆ ಯಾವತ್ತೂ ಬರೆದಿಲ್ಲ.

ಫೋನ್ ಮಾಡಲು ಹೆದರುವವರು, ಸಭೆಯಲ್ಲಿ ಮಾತಾಡಲು ಅಳುಕುವವರು, ಲಿಫ್ಟ್ ಬಿಟ್ಟು ಐದು ಮಹಡಿ ಹತ್ತುವವರು ಅವರವರ ಏಣಿಯನ್ನು ಹೀಗೇ ಕಟ್ಟಿಕೊಳ್ಳಬಹುದು. ಗಾಬರಿ ಸ್ವಲ್ಪವಾದರೂ ಇಳಿಯುವವರೆಗೆ ಆ ಮೆಟ್ಟಿಲಲ್ಲಿ ನಿಲ್ಲಿ. 9ರಲ್ಲಿ ಇಳಿದು ಓಡಿದರೆ ಹಳೇ ಪಾಠವೇ ಗಟ್ಟಿಯಾಗುತ್ತದೆ.

ಕಾಫಿ, ನಿದ್ದೆ, ಮನೆಯವರು

ಕಾಫಿಯ ಕೆಫೀನ್ ಕೂಡ ಎದೆಬಡಿತ ಏರಿಸುತ್ತದೆ, ಕೈ ನಡುಗಿಸುತ್ತದೆ. ಆತಂಕ ಇರುವವರ ಮಿದುಳು ಅದನ್ನೇ ಗಂಟೆ ಅಂದುಕೊಳ್ಳಬಹುದು. ಕುಡಿದ ಕೆಫೀನಿನ ಅರ್ಧದಷ್ಟು ಸುಮಾರು ಐದು ಗಂಟೆ ಆದಮೇಲೂ ಮೈಯಲ್ಲಿರುತ್ತದೆ. ಬಿಟ್ಟೇಬಿಡಿ ಅಂತ ನಾನು ಹೇಳುವುದಿಲ್ಲ, ಬೆಳಗಿನ ಫಿಲ್ಟರ್ ಕಾಫಿ ನಾನೂ ಬಿಟ್ಟಿಲ್ಲ. ಮಧ್ಯಾಹ್ನದ ಮೇಲಿನದ್ದು ಬಿಟ್ಟೆ. ಸಂಜೆ ಅರ್ಧ ಗಂಟೆ ಬಿರುಸಿನ ನಡಿಗೆ ಇರಲಿ. ನಡೆದಾಗಲೂ ಎದೆ ಬಡಿಯುತ್ತದೆ, ಬೆವರು ಬರುತ್ತದೆ, ಏನೂ ಆಗುವುದಿಲ್ಲ. ಅದೂ ಮೈಗೆ ಒಂದು ಪಾಠ. ನಿದ್ದೆ ಕೆಟ್ಟ ಮರುದಿನ ಯಾರಿಗಾದರೂ ಅಳುಕು ಜಾಸ್ತಿ. ಆತಂಕ ಇಳಿಸಲು ಸಂಜೆ ಒಂದು ಪೆಗ್ ಅನ್ನುವವರಿದ್ದಾರೆ. ಅದರ ಅಮಲು ಇಳಿಯುವಾಗ ಚಡಪಡಿಕೆ ಇನ್ನೂ ಏರುತ್ತದೆ, ನಿದ್ದೆಯೂ ನಡುವೆ ಮುರಿಯುತ್ತದೆ. ಮಲಗುವ ಮೊದಲು ಪಾದದಿಂದ ಹಣೆಯವರೆಗೆ ಒಂದೊಂದೇ ಸ್ನಾಯುವನ್ನು ಬಿಗಿ ಮಾಡಿ ಸಡಿಲ ಬಿಡುವ ಅಭ್ಯಾಸವನ್ನು ಎಡ್ಮಂಡ್ ಜೇಕಬ್‌ಸನ್ ಅನ್ನುವ ಅಮೆರಿಕದ ವೈದ್ಯರು 1920ರ ದಶಕದಲ್ಲೇ ರೂಪಿಸಿದ್ದರು. ಶವಾಸನ ಗೊತ್ತಿರುವವರಿಗೆ ಅದು ಬೇಗ ಬರುತ್ತದೆ.

ಮನೆಯವರಿಗೆ ಒಂದು ಮಾತು. "ಅಷ್ಟಕ್ಕೆಲ್ಲ ಹೆದರ್ತಾರಾ?" ಅಂದರೆ ಅವರು ಮುಂದಿನ ಸಲ ಹೇಳುವುದೇ ಇಲ್ಲ, ಅಷ್ಟೇ. ಇನ್ನೊಂದು ಕಡೆ, ಅವರ ಬದಲು ನೀವೇ ಬ್ಯಾಂಕಿಗೆ ಹೋಗಿ, ನೀವೇ ಫೋನ್ ಮಾಡಿ ಎಲ್ಲ ಮುಗಿಸಿಕೊಟ್ಟರೆ ಅದೂ ಆಟೋ ಹಿಡಿದುಕೊಟ್ಟ ಹಾಗೆ. ನನ್ನ ತಮ್ಮ ಮಾಡಿದ್ದು ನನಗೆ ಇಷ್ಟ. ಎರಡನೇ ವಾರ ಅವನೂ ಬಸ್ ಹತ್ತಿ, ನನ್ನಿಂದ ನಾಲ್ಕು ಸೀಟು ಹಿಂದೆ ಕೂತ. ಮಾತಾಡಲಿಲ್ಲ. ಇಳಿದ ಮೇಲೆ "ಎಷ್ಟಕ್ಕಾ ಇವತ್ತು?" ಅಂತ ಕೇಳಿದ. ಆರು ಅಂದೆ. "ಸರಿ, ಬಾ ಎಳನೀರು ಕುಡಿಯೋಣ" ಅಂದ.

ಯಾವಾಗ ತೋರಿಸಬೇಕು

ಮೊದಲ ಸಲ ಎದೆನೋವು, ಉಸಿರಾಟದ ತೊಂದರೆ ಬಂದರೆ ಇದು ಗಾಬರಿಯೇ ಅಂತ ನೀವೇ ತೀರ್ಮಾನ ಮಾಡಬೇಡಿ, ಆಸ್ಪತ್ರೆಗೆ ಹೋಗಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತಹೀನತೆ ಇದ್ದರೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ಅವೆಲ್ಲ ಇಲ್ಲ ಅಂತಾದ ಮೇಲೆ, ಆತಂಕದಿಂದ ಕೆಲಸ, ಓದು, ನಿದ್ದೆ, ಊಟ ಕೆಡುತ್ತಿದ್ದರೆ ಮನೋವೈದ್ಯರನ್ನು ಕಾಣಿ. ಹೆಚ್ಚಿನ ದಿನಗಳಲ್ಲಿ, ಆರು ತಿಂಗಳಾದರೂ, ಹಿಡಿತಕ್ಕೆ ಸಿಗದ ಚಿಂತೆ ಇದ್ದರೆ ಅದನ್ನು ವೈದ್ಯರು ಕಾಯಿಲೆ ಅಂತಲೇ ನೋಡುತ್ತಾರೆ. ಆರು ತಿಂಗಳು ತುಂಬಲಿ ಅಂತ ಕಾಯಬೇಕಾಗಿಲ್ಲ. ಸಾಯುವ ಯೋಚನೆ ಬಂದರಂತೂ ಅವತ್ತೇ ಮಾತಾಡಿ.

2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ದೊಡ್ಡವರ ಪೈಕಿ ನೂರಕ್ಕೆ ಸುಮಾರು 10 ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬೇರೆ ಬೇರೆ ತೊಂದರೆಗಳಲ್ಲಿ ಶೇಕಡಾ 70ರಿಂದ 92ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಆತಂಕಕ್ಕೆ ಚಿಕಿತ್ಸೆ ಇದೆ, ಗುಣವೂ ಆಗುತ್ತದೆ ಅಂತ ಗೊತ್ತಿರುವಾಗ ಈ ಅಂಕಿ ನನಗೆ ಬಹಳ ನೋವು ಕೊಡುತ್ತದೆ.

ಮಾತಿನ ಚಿಕಿತ್ಸೆಯಲ್ಲಿ ಮೇಲೆ ಹೇಳಿದ ಏಣಿಯ ಕೆಲಸವನ್ನೇ ತಿಳಿದವರ ಜೊತೆ ಕೂತು ಮಾಡುತ್ತೀರಿ. ಮಾತ್ರೆ ಬೇಕಾದರೆ ವೈದ್ಯರು ಬರೆಯುತ್ತಾರೆ. ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಕೆಲಸ ಶುರು ಮಾಡಲು ಕೆಲವು ವಾರ ಬೇಕು. ನಾಲ್ಕು ದಿನ ನೋಡಿ ಉಪಯೋಗ ಇಲ್ಲ ಅಂತ ಬಿಡಬೇಡಿ. ಹುಷಾರಾದೆ ಅಂತ ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಲೂ ಬೇಡಿ. ಯಾರೋ ಹೇಳಿದ ನಿದ್ದೆ ಮಾತ್ರೆಯನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗುವುದು ಅಪಾಯ, ಕೆಲವಕ್ಕೆ ಬೇಗ ಅಭ್ಯಾಸ ಆಗಿಬಿಡುತ್ತದೆ.

ಎಲ್ಲಿ ಶುರು ಮಾಡಬೇಕು ಗೊತ್ತಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಇದು ಟೆಲಿ-ಮಾನಸ್, 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಏನು ಹೇಳಬೇಕು ಅಂತ ತಯಾರಿ ಮಾಡಿಕೊಳ್ಳುವುದೂ ಬೇಡ. "ನಂಗೆ ತುಂಬ ಗಾಬರಿ ಆಗ್ತಿದೆ, ಯಾರಿಗೆ ತೋರಿಸ್ಬೇಕು ಗೊತ್ತಿಲ್ಲ" ಅಂದರೆ ಸಾಕು, ಉಳಿದದ್ದನ್ನು ಅವರೇ ಕೇಳಿಕೊಳ್ಳುತ್ತಾರೆ.